ಹನ್ನೊಂದನೆಯ ಅಧ್ಯಾಯ

ಬಾಟಲಿಯ ಮುಚ್ಚಳ ಮಾಡಿ ಮಾಡಿ
ವರ್ಲಿಯ ಮೂವತ್ತೊಂದನೇ ಮಹಡಿಗೇರಿದ
(ಬಾಟಲಿಯೊಳಗೇನೆಂದು ಎಂದೂ ಕೇಳದ)
ವಾಮನ ಕೋಟ್ಯಾನರ ಆತ್ಮಕಥೆಯನ್ನು
ನಾನು ಬರೆದೆ.

ಹತ್ತು ಅಧ್ಯಾಯ ಸಲೀಸು.
ಭಿವಂಡಿಯ ಶೆಡ್ಡು, ಮೊದಲ ಮೋಲ್ಡು,
ಬ್ಯಾಂಕಿನವ ಎದ್ದು ನಿಂತು ಕೈಮುಗಿದದ್ದು.
‘ಕೊನೆಗೊಂದು ಸುಖದ್ದು ಬರಲಿ’ ಅಂದರು,
‘ಇಪ್ಪತ್ತು ಪುಟ. ಜನ ಅದನ್ನೇ ಮೊದಲು ತೆಗೆಯೋದು.’

ಏನು ಬರೆಯಲಿ, ಕೇಳಿದೆ.
ಅವರು ಸಮುದ್ರ ನೋಡಿದರು,
ತೆರೆಯಲು ಬಾರದ ಗಾಜಿನಲ್ಲಿ.
ಇಂಟರ್‌ಕಾಮಿನಲ್ಲಿ ಹೆಂಡತಿಯನ್ನು ವಿಚಾರಿಸಿದರು:
‘ಸುಗಂಧೀ, ನಾನು ಖುಷಿಯಾಗಿದ್ದದ್ದು ಯಾವಾಗ?’
‘ಡ್ರೈವರನ್ನ ಕೇಳಿ, ನಿಮ್ಮ ಜೊತೆ ಇರೋನು ಅವನು.’
ಡ್ರೈವರು ರಜೆಯಲ್ಲಿದ್ದ.

ಸರಿ, ನಾನೇ ಕಟ್ಟಿದೆ:
ಸಯನ್ನಿನಲ್ಲಿ ಮಳೆ, ಕೆಟ್ಟು ನಿಂತ ಕಾರು,
ತಗಡಿನಡಿ ಒದ್ದೆಯಾಗಿ ಎರಡು ವಡಾಪಾವ್,
ಚಿಲ್ಲರೆ ನಾಳೆ ಕೊಡು ಮಗಾ ಎಂದ ಮುದುಕಿ.

ಬಿಡುಗಡೆಯ ದಿನ ಅದನ್ನೇ ಓದಿದರು.
ಗಂಟಲು ಕಟ್ಟಿತು. ಸಭೆ ಕಣ್ಣೊರೆಸಿಕೊಂಡಿತು.
ಮರುವಾರ ಫೋನು:
‘ಆ ಅಂಗಡಿ ಸಯನ್ನಿನಲ್ಲಿ ಎಲ್ಲಿ, ನಿಮಗೆ ನೆನಪಿದೆಯಾ?
ಮೂರು ದಿನದಿಂದ ಕಾರು ಸುತ್ತುತ್ತಿದೆ.
ಅವಳ ಚಿಲ್ಲರೆ ನನ್ನ ಹತ್ತಿರವೇ ಉಳಿದಿದೆಯಲ್ಲ.’

ಸರ್ಕಲ್ಲಿನ ಆಚೆ, ಅಂದೆ.
ಸುಳ್ಳಿಗೂ ಒಂದು ವಿಳಾಸ ಬೇಕು.

ನನ್ನದೂ ಹೇಳಿಬಿಡುತ್ತೇನೆ, ಪುಸ್ತಕದಲ್ಲಿಲ್ಲ:
ಅವರ ಚೆಕ್ಕು ಮಡಚಿ ಜೇಬಿನಲ್ಲಿಟ್ಟು
ಡೊಂಬಿವಲಿಯ ಲೋಕಲ್ಲಿನ ಬಾಗಿಲಲ್ಲಿ
ಒಂಟಿಗಾಲಲ್ಲಿ ನೇತಾಡುತ್ತ ಬಂದ ಸಂಜೆ,
ಕುರ್ಲಾದಿಂದ ಠಾಣೆಯವರೆಗೆ
ನಾನು ಸುಖವಾಗಿದ್ದೆ.

ಠಾಣೆಯಲ್ಲಿ ಟಿಡಿಎಸ್ ನೆನಪಾಯಿತು.