ಮೂರೂವರೆ ಗಂಟೆ ಮುಂದೆ

ಫೋರ್ಟಿನ ಫುಟ್‌ಪಾತಿನಲ್ಲಿ ಮುನವ್ವರ್ ಭಾಯಿ
ನೀಲಿ ತಾಡಪಾಲು ಸರಿಸಿ ಜಪಾನನ್ನು ಹುಡುಕುತ್ತಿದ್ದಾನೆ.
ಫ್ರಾನ್ಸ್ ಸಿಕ್ಕಿತು, ಪೆರು ಸಿಕ್ಕಿತು,
ಎಂಬಿಎ ಪ್ರವೇಶ ಪರೀಕ್ಷೆಯ ಕಟ್ಟಿನಡಿಯಲ್ಲಿ
ಕೊನೆಗೂ ಕ್ಯೋಟೋ, ಮುಖಕ್ಕೆಲ್ಲ ಧೂಳು ಮೆತ್ತಿಕೊಂಡು.

ಮೂರು ಪುಸ್ತಕ. ಒರೆಸಿ ಸಾಲಾಗಿ ಇಟ್ಟ,
ಮೀನಿನವಳು ಬಂಗುಡೆ ಜೋಡಿಸಿದ ಹಾಗೆ.
ನಾನೂ ಹಾಗೇ ಕಿವಿರು ಎತ್ತಿ ನೋಡಿದೆ:
ಯಾವ ವರ್ಷದ್ದು? ಹೊಲಿಗೆ ಗಟ್ಟಿಯೆ?
ನಕ್ಷೆಯನ್ನು ಯಾರಾದರೂ ಹರಿದುಕೊಂಡಿದ್ದಾರೆಯೆ?

ಮೊದಲನೆಯದು ಇಟ್ಟಿಗೆ. ಒಂಬೈನೂರು ಪುಟ.
ಫಿಲೋಮಿನಾ ಎತ್ತಿ ತೂಗಿ, "ಇದನ್ನು ಹೊತ್ತರೆ
ನನ್ನ ಹೊಸ ಮೊಣಕಾಲು ಹಳೆಯದಾಗುತ್ತದೆ" ಎಂದಳು.
ಅದರಲ್ಲಿ ಎಲ್ಲವೂ ಇದೆ, ನಕ್ಷತ್ರ ಹಾಕಿ:
ಐದು ನಕ್ಷತ್ರದ ದೇವಸ್ಥಾನ, ಮೂರೇ ನಕ್ಷತ್ರದ ಬೆಟ್ಟ.
ಬೆಟ್ಟ ಏನು ತಪ್ಪು ಮಾಡಿತ್ತೋ.

ಎರಡನೆಯದು ತೆಳ್ಳಗೆ, ನುಣ್ಣಗೆ,
ಸಂಸ್ಕೃತಿ ಎಂದು ಬೆನ್ನ ಮೇಲೇ ಬರೆದುಕೊಂಡದ್ದು.
ಒಳಗೆ ಬರೀ ಬುದ್ಧಿಮಾತು:
ಮನೆಯೊಳಗೆ ಹೋಗುವ ಮುನ್ನ ಚಪ್ಪಲಿ ಬಿಡಿ.
ಮೈ ತೊಳೆದುಕೊಂಡೇ ಸ್ನಾನದ ತೊಟ್ಟಿಗೆ ಇಳಿಯಿರಿ.
ಅನ್ನದ ಬಟ್ಟಲಲ್ಲಿ ಕಡ್ಡಿ ನೆಟ್ಟಗೆ ಚುಚ್ಚಬೇಡಿ,
ಅದು ಸತ್ತವರಿಗೆ ಇಡುವ ರೀತಿ.
ಓದುತ್ತ ಓದುತ್ತ ಅಮ್ಮನ ದನಿ ಕೇಳಿಸಿತು,
ಎಡಗೈಯಲ್ಲಿ ಬಡಿಸಬೇಡ, ಹೊಸ್ತಿಲ ಮೇಲೆ ನಿಲ್ಲಬೇಡ.
ಇದಕ್ಕೆ ನಾನೂರು ರೂಪಾಯಿ ಕೊಡಬೇಕೆ?

ಇಲ್ಲಿಂದ ತಲೆಯೆತ್ತಿದರೆ ಕಾಣುವ ಕಟ್ಟಡದಲ್ಲಿ
ಇಪ್ಪತ್ತಾರು ವರ್ಷ ಹೆಡ್‌ಫೋನ್ ತೊಟ್ಟು ಕೂತವರು ನಾವಿಬ್ಬರು.
ಓವರ್‌ಸೀಸ್ ಟ್ರಂಕ್, ರಾತ್ರಿ ಪಾಳಿ.
ಹತ್ತಿ ವ್ಯಾಪಾರಿ, ವಜ್ರದ ಸೇಠ್, ಹಡಗಿನ ಏಜೆಂಟ್,
ಎಲ್ಲರನ್ನೂ ಒಸಾಕಾಗೆ ಜೋಡಿಸಿ ಕೊಟ್ಟವರು.
ನಮಗೆ ಎರಡೂವರೆ ಅಂದರೆ ಅಲ್ಲಿ ಆರು.
ಆ ಅರ್ಧ ಗಂಟೆಯೊಂದು ಯಾವಾಗಲೂ ಲೆಕ್ಕ ತಪ್ಪಿಸುತ್ತಿತ್ತು.

ಆಚೆ ತುದಿಯಲ್ಲಿ ಒಬ್ಬಳಿದ್ದಳು. ಹೆಸರು ಹೇಳುವಂತಿರಲಿಲ್ಲ.
ಅವಳು ಟೋಕಿಯೋ ಮೂವತ್ತೊಂದು, ನಾನು ಬಾಂಬೆ ಹದಿನಾಲ್ಕು.
ಲೈನು ಸಿಗುವ ತನಕ ಇಬ್ಬರೂ ಸುಮ್ಮನೆ ಉಸಿರಾಡುತ್ತಿದ್ದೆವು,
ಸಮುದ್ರದಡಿ ಯಾರೋ ಮೊರದಲ್ಲಿ ಅಕ್ಕಿ ಕೇರುವಂಥ ಸದ್ದು.
ಒಮ್ಮೆ, ಜುಲೈ ಇರಬೇಕು, ಕೇಳಿದಳು: "ರೈನ್?"
"ರೈನ್," ಅಂದೆ.
"ಹಿಯರ್ ಆಲ್ಸೋ."
ಸೂಪರ್‌ವೈಸರ್ ದಸ್ತೂರ್ ಕನ್ನಡಕದ ಮೇಲಿಂದ ನೋಡಿದರು.
ನನಗೆ ತಿಳಿದ ಜಪಾನು ಅಷ್ಟೆ.

ಮೂರನೆಯದರ ರಟ್ಟು ಕಿತ್ತಿತ್ತು. ಎಂಬತ್ತೆರಡರ ಮುದ್ರಣ.
ಇದರ ಹೋಟೆಲುಗಳು ಮುಚ್ಚಿರಬೇಕು, ಯೆನ್ನಿನ ಲೆಕ್ಕ ಹಳಸಿದೆ.
"ಪುರಾನಾ ಹೈ," ಅಂದೆ, ಬೆಲೆ ಇಳಿಯಲೆಂದು.
"ಮಂದಿರ್ ಭೀ ತೋ ಪುರಾನಾ ಹೈ, ಬಾಯಿ."

ಕೊನೆಯ ಪುಟಗಳಲ್ಲಿ, ವೈದ್ಯರು, ಛತ್ರಿ, ಅಂಚೆಯ ನಡುವೆ
ಅರ್ಧ ಪುಟ: ಊರಿಗೆ ಫೋನು ಮಾಡುವುದು ಹೇಗೆ.
ಆಪರೇಟರನ್ನು ಕೇಳಿ. ಊರಿನ ಹೆಸರು ಬಿಡಿಸಿ ಹೇಳಿ.
ರಿಸೀವರ್ ಇಟ್ಟು ಕಾಯಿರಿ. ಏಷ್ಯಾದ ಕೆಲವು ನಗರಗಳಿಗೆ
ಎರಡು ಗಂಟೆಯೂ ಹಿಡಿಯಬಹುದು.

ಇಟ್ಟಿಗೆಯಲ್ಲಿ ಆ ಜಾಗದಲ್ಲಿ ಸಿಮ್ ಕಾರ್ಡಿದೆ.

ಫಿಲೋಮಿನಾಗೆ ಓದಿ ಹೇಳಿದೆ. ಬಸ್ಸಿನ ಗದ್ದಲ.
ಮತ್ತೊಮ್ಮೆ ಓದಿಸಿದಳು.
"ಆ ಎರಡು ಗಂಟೆ ನಾವೇ ಅಲ್ಲವೇನೇ," ಅಂದು
ಮೂರನೆಯ ಮಹಡಿಯ ಕಿಟಕಿಗಳನ್ನು ಎಣಿಸತೊಡಗಿದಳು,
ಅಲ್ಲೀಗ ಯಾರದೋ ಏಸಿ ಹನಿಯುತ್ತಿದೆ.

ಎಂಬತ್ತಕ್ಕೆ ಮುಗಿಯಿತು. ಇಟ್ಟಿಗೆಯನ್ನೂ ಕೊಂಡೆವು,
ದಾರಿ ತಪ್ಪಬಾರದಲ್ಲ. ಮುನವ್ವರನ ಚಾಕುವಿನಲ್ಲಿ
ಅಂಜಲ್ ಮೀನಿನ ಹಾಗೆ ಬೆನ್ನು ಸೀಳಿ,
ಟೋಕಿಯೋ ನನಗೆ, ಕ್ಯೋಟೋ ಅವಳಿಗೆ.
ಸಂಸ್ಕೃತಿ ಅಲ್ಲೇ ಉಳಿಯಿತು, ತಾಡಪಾಲಿನ ಮೇಲೆ.

ಚರ್ಚ್‌ಗೇಟಿನಲ್ಲಿ ಐದು ನಲವತ್ತೆರಡರ ಬೊರಿವಲಿ ಸ್ಲೋ.
ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಡಿಯಾರ ನೋಡಿ,
ಅಭ್ಯಾಸಬಲ, ಮೂರೂವರೆ ಕೂಡಿಸಿದೆ.
ಒಂಬತ್ತು ಹನ್ನೆರಡು. ಅವಳು ಇದ್ದರೆ
ಊಟ ಮುಗಿದಿರುತ್ತದೆ,
ಬಟ್ಟಲು ತೊಳೆದು ಬೋರಲು ಹಾಕಿರುತ್ತಾಳೆ.