ನಾಲ್ಕಡಿ ಅಗಲ, ಹನ್ನೊಂದಡಿ ಉದ್ದ

ಮುಂಬಾಗಿಲಿಂದ ಹಾಲ್‌ಗೆ ಹೋಗುವ ಈ ಓಣಿಗೆ
ಇನ್ನೂ ಹೆಸರಿಲ್ಲ.
ಪ್ಲಾನಿನಲ್ಲಿ ಪ್ಯಾಸೇಜ್ ಅಂತ ಬರೆದಿದ್ದಾರೆ,
ನಮ್ಮನೆಯವರು ಎಂಟ್ರೆನ್ಸು ಅನ್ನುತ್ತಾರೆ,
ಮುರುಗೇಶಿ ಮೇಸ್ತ್ರಿ ಪಾಲಿಗೆ ಅದು ನಲವತ್ನಾಲ್ಕು ಚದರಡಿ,
ವೇಸ್ಟೇಜು ಸೇರಿ ನಲವತ್ತೆಂಟು.

ಸವಳಂಗ ರಸ್ತೆಯ ಅಂಗಡಿಯಲ್ಲಿ
ಟೈಲುಗಳನ್ನು ಗೋಡೆಗೆ ಒರಗಿಸಿದ್ದರು,
ಗ್ರೂಪ್ ಫೋಟೋಗೆ ಉಸಿರು ಬಿಗಿಹಿಡಿದ ನೆಂಟರ ಹಾಗೆ.
ನೆಲವನ್ನು ನಿಲ್ಲಿಸಿ ನೋಡಿದರೆ ಏನು ಗೊತ್ತಾಗುತ್ತೆ?
"ಕೆಳಗಿಡಪ್ಪಾ" ಅಂದೆ.
ಚಪ್ಪಲಿ ಬಿಟ್ಟು ಹತ್ತಿ ನಿಂತೆ.

ಅವರಿಗೆ ಬೇಕಾದ್ದು ಬೆಣ್ಣೆ ಬಣ್ಣದ್ದು,
ಎರಡಡಿಗೆ ನಾಲ್ಕಡಿ, ಮುಖ ಕಾಣುವಂಥದ್ದು.
"ಬಂದವರಿಗೆ ಒಂದು ಲುಕ್ ಬರ್ಬೇಕಲ್ಲ, ಜಲಜಾಕ್ಷಿ."

ಬರುವವರು ಯಾರು ಅಂತ ನಾನು ಆಗಲೇ ಲೆಕ್ಕ ಹಾಕಿದ್ದೆ.
ಸಿಲಿಂಡರು ಉರುಳಿಸುತ್ತಾ ಗ್ಯಾಸಿನವನು,
ಈಜು ಕಲಿತು ಬಂದು ತೊಟ್ಟಿಕ್ಕುತ್ತಾ ನಿಲ್ಲುವ ಎದುರುಮನೆ ಹುಡುಗಿ,
ಊರುಗೋಲಿನ ರಬ್ಬರು ಸವೆಸಿಕೊಂಡ ನಮ್ಮ ಚಿಕ್ಕತ್ತೆ.
ಇವರಲ್ಲಿ ಯಾರೂ
ತಲೆ ಬಗ್ಗಿಸಿ ಮುಖ ನೋಡಿಕೊಳ್ಳುವವರಲ್ಲ.

ಇಪ್ಪತ್ತಾರು ವರ್ಷ ನಾನು ನಿಂತ ನೆಲ ಓಡುತ್ತಿತ್ತು.
ಶಿವಮೊಗ್ಗ, ಆಯನೂರು, ರಿಪ್ಪನ್‌ಪೇಟೆ, ಹೊಸನಗರ,
ಮತ್ತೆ ವಾಪಸ್ಸು.
ಗೀರುಗೀರಿನ ಅಲ್ಯೂಮಿನಿಯಂ ತಗಡು, ಸವೆದ ಕಡೆ ಕನ್ನಡಿ.
ಟಿಕೆಟ್ ಹರಿಯುವ ಕೈಗೆ ಕಂಬಿ ಸಿಗುವುದಿಲ್ಲ,
ಹಿಡಿದುಕೊಳ್ಳಬೇಕಾದ್ದು ಕಾಲಿನ ಹೆಬ್ಬೆರಳು.
ಮೀನಿನ ಬುಟ್ಟಿ ಇಳಿದ ಮೇಲೆ ಆ ಮೂರು ಹೆಜ್ಜೆ ಜಾಗ
ಯಾರ ಮಾತೂ ಕೇಳುವುದಿಲ್ಲ.
ಒಂದು ಸಲ ಮದುಮಗನೇ ಜಾರಿದ, ಬಾಸಿಂಗದ ಸಮೇತ.
ನಗಬಾರದಿತ್ತು.
ನಕ್ಕೆ.

ಬ್ಯಾಗಿನಿಂದ ಬಾಟಲಿ ತೆಗೆದು
ಬೆಣ್ಣೆ ಬಣ್ಣದ ಮೇಲೆ ನೀರು ಸುರಿದೆ.
ಸೇಲ್ಸಿನ ಹುಡುಗ "ಮೇಡಂ, ಮೇಡಂ" ಅಂದ.
"ನಡಿ" ಅಂದೆ, "ಅಲ್ಲಿಂದ ಇಲ್ಲಿಗೆ. ಮಾಮೂಲಿ ನಡಿ."
ಬಾತುಕೋಳಿ ಥರ ನಡೆದ.
ನಮ್ಮನೆಯವರು ಆ ಕಡೆ ತಿರುಗಿ
ನಲ್ಲಿಗಳ ಬೆಲೆ ಓದತೊಡಗಿದರು.

ಕೊನೆಗೆ ಸಿಕ್ಕಿದ್ದು ಹಿಂದಿನ ಗೋಡೌನಿನಲ್ಲಿ,
ಸಿಂಕುಗಳ ಮಗ್ಗುಲಿಗೆ:
ಬೂದಿ ಬಣ್ಣದ ಕಲ್ಲು, ಒರಟು ಮೈ.
ಒದ್ದೆ ಪಾದ ಇಟ್ಟೆ,
ಬೆಕ್ಕಿನ ನಾಲಗೆಯ ಹಾಗೆ ಹಿಡಿಯಿತು.
"ಇದು ಬಟ್ಟೆ ಒಗೆಯೋ ಜಾಗಕ್ಕೆ ಹಾಕೋದು, ಮೇಡಂ."
"ಇನ್ಮೇಲೆ ಬಾಗಿಲಿಗೂ ಹಾಕೋದು."

ವಾಪಸು ಬರುತ್ತಾ ಆಟೋದಲ್ಲೇ ರಾಜಿಯಾಯಿತು.
ಹಾಲ್ ಅವರದು, ಎಷ್ಟು ಬೇಕಾದರೂ ಹೊಳೆಯಲಿ.
ಓಣಿ ನನ್ನದು.

ಈಗ ತಕರಾರೆಲ್ಲ ಎರಡೂ ಕೂಡುವ ಗೆರೆಯಲ್ಲಿ.
ಕಲ್ಲು ದಪ್ಪ, ಟೈಲು ತೆಳು.
"ಐದು ಎಂಎಂ ಎತ್ತರ ಬರ್ತದಕ್ಕಾ, ಗೊತ್ತೇ ಆಗಲ್ಲ."
ಗೊತ್ತಾಗದ್ದೇ ಕಣೋ ಮುರುಗೇಶಿ ಬೀಳಿಸೋದು.
ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರ ಇತ್ತು,
ಸರ್ಕಾರವನ್ನು ಬೈಯುತ್ತಾ ಹತ್ತಿದರು, ಯಾರೂ ಎಡವಲಿಲ್ಲ.
ಎಡವಿದ್ದೆಲ್ಲ ಒಳಗೆ, ಸೀಟುಗಳ ನಡುವೆ,
ತಗಡಿನ ಒಂದು ಸ್ಕ್ರೂ ಚೂರು ತಲೆ ಎತ್ತಿದ ಕಡೆ.
ಎದ್ದು, ತಿರುಗಿ ನೋಡುತ್ತಿದ್ದರು,
ಏನೂ ಕಾಣುತ್ತಿರಲಿಲ್ಲ.

ಸಂಸಾರವೂ ಹಾಗೇ ಅನ್ನಬಹುದಿತ್ತು.
ಅವರು ಪಕ್ಕದಲ್ಲೇ
ಮಟ್ಟದ ಪೈಪು ಹಿಡಿದು ನಿಂತಿದ್ದರು.
ಅನ್ನಲಿಲ್ಲ.

ಕಲ್ಲೆಬ್ಬಿಸಿ, ಅಡಿಯ ಗಾರೆ ಕೆರೆಸಿ, ಮತ್ತೆ ಕೂರಿಸಿದ್ದಾಯಿತು.
ಮುರುಗೇಶಿ ಗೊಣಗಿದ್ದು ತಮಿಳಿನಲ್ಲಿ, ಆದರೂ ಅರ್ಥವಾಯಿತು.
ಆರಲಿ ಅಂತ ಎರಡು ದಿನ ಕಾದೆ.

ಈ ದಿನ ಬೆಳಿಗ್ಗೆ ಹೊಸಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು
ಐದು ರೂಪಾಯಿಯ ದಪ್ಪ ನಾಣ್ಯ ನಿಲ್ಲಿಸಿ ಉರುಳಿಸಿದೆ.
ಕಲ್ಲಿನ ಮೇಲೆ ಗೊರಗೊರ ಅನ್ನುತ್ತಾ ಹೋಗಿ,
ಗೆರೆ ದಾಟಿದ್ದು ಅದಕ್ಕೇ ತಿಳಿಯದೆ,
ಬೆಣ್ಣೆ ಬಣ್ಣದ ಮೇಲೆ ಸದ್ದಿಲ್ಲದೆ ಓಡಿತು
ಪೇಪರು ಓದುತ್ತಿದ್ದವರ ಕುರ್ಚಿಯವರೆಗೆ.

ಕಣ್ಣೆತ್ತದೆ ಅದರ ಮೇಲೆ ಕಾಲಿಟ್ಟು ಅಂದರು:
"ಚಿಲ್ಲರೆ ಇಲ್ಲಮ್ಮಾ.
ಇಳಿಯುವಾಗ ಇಸ್ಕೋ."