ನರಿಮಲೆಯಲ್ಲಿ ಕೈಪಿಡಿ

ಯಾರೋ ಚಾರಣಿಗ ಬಿಟ್ಟುಹೋದ ಪುಸ್ತಕ.
ಎಂಟುನೂರ ನಲವತ್ತು ಪುಟ.
ಹೊರಲಾರದೆ ಬಿಟ್ಟನೋ, ಓದಲಾರದೆ ಬಿಟ್ಟನೋ.
ಇರ್ಪುವಿನಿಂದ ಜನರನ್ನು ಬೆಟ್ಟ ಹತ್ತಿಸುವುದು ನನ್ನ ಕೆಲಸ.
ರಾತ್ರಿ ಅವರನ್ನೆಲ್ಲ ನರಿಮಲೆ ಬಂಗಲೆಯಲ್ಲಿ ಮಲಗಿಸಿ
ಒಲೆ ಪಕ್ಕ ಕೂತು ಮೂರು ಸಲ ಶುರು ಮಾಡಿದೆ,
ಮೂರು ಸಲವೂ ನಲವತ್ತನೇ ಪುಟದ ಹತ್ತಿರ ದಾರಿ ತಪ್ಪಿದೆ.
ಅಲ್ಲಿ ಮೂವರು ಈರಭದ್ರರು:
ಒಬ್ಬ ಅಜ್ಜ, ಒಬ್ಬ ಮೊಮ್ಮಗ,
ಇನ್ನೊಬ್ಬ ಸತ್ತವನು. ಅವನದೇ ಮಾತು ಹೆಚ್ಚು.

ಶ್ರೀಮಂಗಲದ ಚೋಂದಮ್ಮ ಟೀಚರ್ ನಕ್ಕರು.
"ಇದಕ್ಕೊಂದು ಕೈಪಿಡಿ ಉಂಟು ಮಾರಾಯ" ಎಂದು
ಮೆಣಸಿನ ಚೀಲಗಳ ಹಿಂದಿನ ಕಪಾಟಿನಿಂದ ತೆಗೆದುಕೊಟ್ಟರು.
ತೆಳ್ಳಗಿತ್ತು. ಮುಂದೆ ನಕ್ಷೆ, ಹಿಂದೆ ವಂಶಾವಳಿ,
ನಡುವೆ ಅಧ್ಯಾಯಕ್ಕೊಂದು ಟಿಪ್ಪಣಿ.

ಬಲತೊಡೆಯ ಮೇಲೆ ಅದು, ಎಡತೊಡೆಯ ಮೇಲೆ ಇದು.
ಎರಡು ಪುಟ ಅಲ್ಲಿ, ಅರ್ಧ ಪುಟ ಇಲ್ಲಿ.
ಸತ್ತ ಈರಭದ್ರ ಮಾತಾಡುವಾಗ
ಕ್ರಿಯಾಪದ ವಾಕ್ಯದ ಕೊನೆಗೆ ಬರುವುದಿಲ್ಲ
ಎಂದು ಕೈಪಿಡಿ ಹೇಳಿದ ರಾತ್ರಿ
ಎದ್ದು ನಿಂತುಬಿಟ್ಟೆ.
ಮರದ ಮೇಲಿನ ಬಿಳಿ ಬಣ್ಣದ ಹಾಗೆ
ಎದುರಿಗೇ ಇತ್ತಲ್ಲ ಗುರುತು!

ಆದರೆ ನಾನೂ ದಾರಿ ತೋರಿಸುವವನೇ.
ದಾರಿ ತೋರಿಸುವವರ ಸುಳ್ಳು ನನಗೆ ಗೊತ್ತು.
"ಇಲ್ಲೇ, ಇನ್ನು ಹದಿನೈದು ನಿಮಿಷ" ಅಂತ
ದಿನಕ್ಕೆ ಆರು ಸಲ ಹೇಳುತ್ತೇನೆ.
ಹೆಸರು ಗೊತ್ತಿಲ್ಲದ ಹಕ್ಕಿ ಕೂಗಿದರೆ
"ಅಪರೂಪದ್ದು, ಸದ್ದು ಮಾಡಬೇಡಿ" ಅನ್ನುತ್ತೇನೆ.
ಹತ್ತೊಂಬತ್ತನೇ ಅಧ್ಯಾಯಕ್ಕೆ
ಕೈಪಿಡಿಯವರು ಬರೆದದ್ದು ಒಂದೇ ಸಾಲು:
"ಇದನ್ನು ಓದುಗರು ತಮ್ಮ ಅನುಭವಕ್ಕೆ ತಕ್ಕಂತೆ ಗ್ರಹಿಸಬಹುದು."
ಒಲೆ ಮುಂದೆ ಒಬ್ಬನೇ ನಕ್ಕೆ.
ಸ್ವಾಮಿ, ನಿಮಗೂ ಹಕ್ಕಿ ಕಾಣಲಿಲ್ಲ.

ಆರುನೂರ ಹನ್ನೆರಡರಲ್ಲಿ
ಮೊಮ್ಮಗ ರಾತ್ರಿ ಹೊಳೆ ದಾಟುತ್ತಾನೆ,
ಚಪ್ಪಲಿ ಎರಡನ್ನೂ ಕಂಕುಳಲ್ಲಿ ಒತ್ತಿಕೊಂಡು.
ಹೊಳೆಯೆಂದರೆ ಕಾಲ, ಎನ್ನುತ್ತದೆ ಕೈಪಿಡಿ.
ಚಪ್ಪಲಿಯ ಮಾತಿಲ್ಲ.
ಕಕ್ಕಡದಲ್ಲಿ ಲಕ್ಷ್ಮಣತೀರ್ಥ ದಾಟಿದವರಿಗೆ ಗೊತ್ತು,
ಹಾಗೆ ಒತ್ತಿ ಹಿಡಿಯುವವನು
ಹಿಂದೊಮ್ಮೆ ಒಂದನ್ನು ನೀರಿಗೆ ಕೊಟ್ಟವನು.
ಅಂದರೆ ಈ ಹೊಳೆಯನ್ನು ಅವನು ಮೊದಲೂ ದಾಟಿದ್ದಾನೆ.
ಯಾವಾಗ? ಯಾರ ಮನೆಗೆ?
ಎರಡು ರಾತ್ರಿ ಹಿಂದಕ್ಕೆ ತಿರುವಿದೆ.
ಎಪ್ಪತ್ತೊಂದನೇ ಪುಟದಲ್ಲಿ ಸಿಕ್ಕಿತು:
ಅಂಗಳದಲ್ಲಿ ಬಿದ್ದ ಒಂಟಿ ಚಪ್ಪಲಿ,
ಅದನ್ನು ಕೋಲಿನಿಂದ ಎತ್ತಿ ಕೊಟ್ಟಿಗೆಯೊಳಗೆ ಎಸೆಯುವ ಹೆಂಗಸು,
ಮುಖ ಆ ಕಡೆ.

ಪೆನ್ಸಿಲ್ ಇರಲಿಲ್ಲ. ಒಲೆಯ ಇದ್ದಿಲಿನಿಂದ
ಕೈಪಿಡಿಯ ಅಂಚಿನಲ್ಲಿ ಬರೆದೆ:
"ಪುಟ ೭೧ ನೋಡಿ. ಚಪ್ಪಲಿ."
ಟೀಚರ್ ಬೈಯಬಹುದು.

ಆಮೇಲೆ ಅದನ್ನು ಉಪ್ಪಿನ ಡಬ್ಬಿಯ ಕೆಳಗಿಟ್ಟು
ಹತ್ತೊಂಬತ್ತರೊಳಕ್ಕೆ ಮತ್ತೆ ಹೋದೆ.
ಒಬ್ಬನೇ. ಹೊರಗೆ ಮಂಜು, ಒಳಗೆ ಚಾರಣಿಗರ ಗೊರಕೆ.
ಅರ್ಧ ತಿಳಿಯಿತು,
ಇನ್ನರ್ಧ ಕಾಲಿಗೆ ಕಚ್ಚಿಕೊಂಡೇ ಬಂತು.
ಬೆಳಗಾಗುವ ಮೊದಲು
ಆ ಒಂದೇ ಸಾಲಿನ ಕೆಳಗೆ
ಮುಂದೆ ಬರುವವರಿಗೆಂದು ಬರೆದಿಟ್ಟೆ:
"ಜಿಗಣೆ ಇವೆ. ನಿಲ್ಲಬೇಡಿ. ಉಪ್ಪು ಇರಲಿ."